ಮೀನು ಸಾಕಣೆಯ ಪಾಠಗಳು: ಮುದ್ರಿತ ಸೂಚನೆಗಳನ್ನು ಓದಿ ಗ್ರಹಿಸುವ ಕ್ರಮ

ವ್ಯವಸಾಯದ ವಿಷಯವಾದ ಕರಪತ್ರಗಳನ್ನು ಅನೇಕ ಗ್ರಾಮಗಳಲ್ಲಿ ಒಬ್ಬರು ಗಟ್ಟಿಯಾಗಿ ಓದುವುದೂ ಉಳಿದವರು ಕುಳಿತು ಕೇಳುವುದೂ ವಾಡಿಕೆಯಾಗಿದೆ. ವಾಡಿಕೆಯು ಒಳ್ಳೆಯದೇ. ಆದರೆ ಅಕ್ಷರಗಳನ್ನು ತಪ್ಪಿಲ್ಲದೆ ಉಚ್ಚರಿಸಿದ ಮಾತ್ರಕ್ಕೆ ವಿಷಯವು ಗ್ರಹಿಕೆಗೆ ಬಂತೆಂದು ತಿಳಿಯತಕ್ಕದ್ದಲ್ಲ. ಮೀನು ಸಾಕಣೆಯಲ್ಲಂತೂ ಈ ಎಚ್ಚರಿಕೆಯು ಬಹಳ ಅಗತ್ಯ. ರಾಗಿಯ ಹೊಲದಲ್ಲಿ ಏನಾದರೂ ಲೋಪವಾದರೆ ಪೈರು ಕಣ್ಣೆದುರಿಗೆ ಹಳದಿಗಟ್ಟುತ್ತದೆ. ಸರಿಪಡಿಸಿಕೊಳ್ಳಲು ಕೆಲವು ದಿನಗಳ ಅವಕಾಶವಿರುತ್ತದೆ. ನೀರಿನೊಳಗಿನ ಬೆಳೆಯು ಕಣ್ಣಿಗೆ ಕಾಣದು. ಸೂಚನೆಯಲ್ಲಿದ್ದ ಒಂದು ಮಾತನ್ನು ಬಿಟ್ಟು ಓದಿದವನಿಗೆ, ಮೀನುಗಳು ಸತ್ತು ತೇಲಿದ ಬೆಳಿಗ್ಗೆಯೇ ಆ ಮಾತಿನ ಬೆಲೆ ತಿಳಿಯುವುದು.

ಆದಕಾರಣ ಈ ಪತ್ರಿಕೆಯಲ್ಲಿ ಮೀನು ಸಾಕಣೆಯನ್ನು ಕುರಿತ ನಾಲ್ಕು ಚಿಕ್ಕ ಪಾಠಗಳನ್ನೂ, ಒಂದೊಂದರ ಕೆಳಗೆ ಪ್ರಶ್ನೆಗಳನ್ನೂ, ಉತ್ತರಗಳ ವಿಮರ್ಶೆಯನ್ನೂ ಕೊಟ್ಟಿದೆ. ಹಿಡುವಳಿದಾರರೂ ಗ್ರಾಮದ ಮುಖಂಡರೂ ಮೊದಲು ಪಾಠವನ್ನು ಓದಿ, ಉತ್ತರವನ್ನು ತಾವೇ ಹೇಳಿಕೊಂಡು, ಅನಂತರ ವಿಮರ್ಶೆಯನ್ನು ನೋಡತಕ್ಕದ್ದು.

ಓದುವಾಗ ಅನುಸರಿಸತಕ್ಕ ನಿಯಮಗಳು

1. ಮೊದಲ ಸಾರಿ ಎಲ್ಲಿಯೂ ನಿಲ್ಲದೆ ಪೂರ್ತಿಯಾಗಿ ಓದಿ, ಪಾಠದ ಮುಖ್ಯ ಮಾತು ಯಾವುದೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಬೇಕು.

2. ಎರಡನೆಯ ಸಾರಿ ಓದುವಾಗ ಅಂಕಿಗಳನ್ನೂ ಅವುಗಳ ಅಳತೆಯನ್ನೂ ಒಟ್ಟಿಗೆ ಗುರುತಿಸಬೇಕು. ಅಳತೆಯಿಲ್ಲದ ಅಂಕಿಯಿಂದ ಪ್ರಯೋಜನವಿಲ್ಲ.

3. “ಮೊದಲು”, “ಆದ ಮೇಲೆ”, “ಮಾತ್ರ”, “ಹೊರತು” ಎಂಬ ಮಾತುಗಳ ಕೆಳಗೆ ಗೆರೆ ಎಳೆಯಬೇಕು. ಸೂಚನೆಯ ಜೀವವು ಬಹುಮಟ್ಟಿಗೆ ಇವುಗಳಲ್ಲಿಯೇ ಇರುತ್ತದೆ.

4. ಪಾಠದಲ್ಲಿ ಹೇಳಿರುವುದು, ಅದರಿಂದ ಸಹಜವಾಗಿ ಹೊರಡುವುದು, ನಾವೇ ಊಹಿಸಿ ಸೇರಿಸಿದುದು, ಈ ಮೂರನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು.

ಒಂದನೆಯ ಪಾಠ: ಮೂರು ಮೀನು, ಮೂರು ನೆಲೆ

ಕಾಟ್ಲಾ ಮೀನು ನೀರಿನ ಮೇಲ್ಭಾಗದಲ್ಲಿ ಸಂಚರಿಸುತ್ತ, ಅಲ್ಲಿ ತೇಲಾಡುವ ಸೂಕ್ಷ್ಮ ಜೀವಿಗಳನ್ನು ಮುಖ್ಯವಾಗಿ ತಿನ್ನುತ್ತದೆ. ರೋಹು ಮೀನು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲ್ ಮೀನು ತಳವನ್ನು ಕೆದಕಿ, ಕೊಳೆತ ಎಲೆ ಕಡ್ಡಿ ಮೊದಲಾದುವನ್ನು ಆಹಾರ ಮಾಡಿಕೊಳ್ಳುತ್ತದೆ. ಆದುದರಿಂದ ಈ ಮೂರನ್ನೂ ಒಂದೇ ಕೊಳದಲ್ಲಿ ಬಿಟ್ಟರೆ ಆಹಾರಕ್ಕಾಗಿ ಅವುಗಳೊಳಗೆ ಪೈಪೋಟಿ ಕಡಮೆಯಾಗಿ, ಕೊಳದ ಎಲ್ಲ ಭಾಗದ ಮೇವೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಪಾಠದ ಮುಖ್ಯ ಮಾತು ಯಾವುದು? ಕಾಟ್ಲಾ ಬೇಗ ಬೆಳೆಯುವುದೆಂದು ಕೇಳಿ, ಒಬ್ಬನು ಅದೊಂದನ್ನೇ ಕೊಳದ ತುಂಬ ಬಿಟ್ಟರೆ ಏನಾಗಬಹುದು?

ವಿಮರ್ಶೆ: ಯಾವ ಮೀನು ಎಲ್ಲಿ ಮೇಯುತ್ತದೆ ಎಂಬುದು ವಿವರ ಮಾತ್ರ. “ಆದುದರಿಂದ” ಎಂದು ಆರಂಭವಾಗುವ ಕೊನೆಯ ವಾಕ್ಯವೇ ಮುಖ್ಯ ಮಾತು. ಕಾಟ್ಲಾ ಒಂದನ್ನೇ ಬಿಟ್ಟರೆ ಮೇಲ್ನೀರಿನಲ್ಲಿ ನೂಕುನುಗ್ಗಲಾಗಿ, ನಡುವಿನ ಮತ್ತು ತಳದ ಮೇವು ಬಹುಪಾಲು ವ್ಯರ್ಥವಾಗುತ್ತದೆ. ಇದನ್ನು ಪಾಠವು ಬಾಯಿಬಿಟ್ಟು ಹೇಳಿಲ್ಲ. ಆದರೂ ಅದು ಹೇಳಿದ ಮಾತಿನಿಂದಲೇ ಹೊರಡುತ್ತದೆ.

ಎರಡನೆಯ ಪಾಠ: ಕೊಳವನ್ನು ಅಣಿಮಾಡುವುದು

ಮರಿಗಳನ್ನು ಬಿಡುವುದಕ್ಕೆ ಮೊದಲು ಕೊಳದಲ್ಲಿರುವ ಕುಚ್ಚು, ಅವಲು ಮೊದಲಾದ ಹಿಂಸ್ರ ಮೀನುಗಳನ್ನು ತೆಗೆಯಬೇಕು. ಕೊಳವನ್ನು ಬತ್ತಿಸಿ ಒಣಗಿಸುವುದು ಎಲ್ಲಕ್ಕಿಂತ ಉತ್ತಮ. ಅದು ಸಾಧ್ಯವಾಗದಿದ್ದರೆ ಮಾತ್ರ, ಒಂದು ಮೀಟರು ಆಳದ ನೀರಿಗೆ ಒಂದು ಎಕರೆ ಹರವಿಗೆ ಸುಮಾರು 1000 ಕಿಲೋಗ್ರಾಂ ಹಿಪ್ಪೆ ಹಿಂಡಿಯನ್ನು ನೆನೆಸಿ ಎರಚಬೇಕು. ಇದರ ವಿಷವು 15ರಿಂದ 20 ದಿನಗಳವರೆಗೆ ನಿಲ್ಲುತ್ತದೆ. ಆಮೇಲೆ ಹಿಂಡಿಯು ಗೊಬ್ಬರವಾಗಿ ಪರಿಣಮಿಸುತ್ತದೆ. ವಿಷವು ಇಳಿದುದನ್ನು ಪರೀಕ್ಷಿಸಿದ ಮೇಲೆಯೇ ಮರಿಗಳನ್ನು ಬಿಡಬೇಕು. ಪರೀಕ್ಷೆಗೆ ಕೆಲವು ಮರಿಗಳನ್ನು ಬಲೆಯ ಚೀಲದಲ್ಲಿ ಹಾಕಿ, ಒಂದು ದಿನ ಕೊಳದಲ್ಲಿ ಇಳಿಬಿಟ್ಟು ನೋಡಬೇಕು. ಒಂದು ಎಕರೆ ನೀರಿನ ಹರವಿಗೆ ಬೆರಳುದ್ದದ 2000 ಮರಿಗಳು ಸಾಕು. ಹತ್ತರಲ್ಲಿ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್ ಇರಬೇಕು. ಜನರೂ ದನಗಳೂ ಕುಡಿಯುವ ನೀರಿಗೆ ಹಿಪ್ಪೆ ಹಿಂಡಿಯನ್ನು ಹಾಕಕೂಡದು.

ಪ್ರಶ್ನೆ: ಒಬ್ಬ ಹಿಡುವಳಿದಾರನ ಕೊಳವು ಏರಿಯೂ ಸೇರಿ 30 ಗುಂಟೆ, ನೀರು ನಿಲ್ಲುವುದು 20 ಗುಂಟೆಯಲ್ಲಿ. ಅವನಿಗೆ ಬೇಕಾದ ಮರಿಗಳೆಷ್ಟು? ಹಿಂಡಿ ಹಾಕಿ ಇಪ್ಪತ್ತು ದಿನ ಕಳೆದರೆ ಪರೀಕ್ಷೆಯನ್ನು ಬಿಡಬಹುದೆ?

ವಿಮರ್ಶೆ: “ನೀರಿನ ಹರವಿಗೆ” ಎಂಬ ಮಾತನ್ನು ಗಮನಿಸಬೇಕು. 40 ಗುಂಟೆಗೆ ಒಂದು ಎಕರೆ. 20 ಗುಂಟೆ ಎಂದರೆ ಅರ್ಧ ಎಕರೆ. ಆದಕಾರಣ 1000 ಮರಿಗಳು: ಕಾಟ್ಲಾ 400, ರೋಹು 300, ಮೃಗಾಲ್ 300. ಏರಿಯನ್ನೂ ಸೇರಿಸಿ ಲೆಕ್ಕ ಹಾಕಿದವನು 1500 ಮರಿಗಳನ್ನು ಕೊಂಡು, ಹಣವನ್ನೂ ಕಳೆದು, ಇಕ್ಕಟ್ಟಿನಿಂದ ಮೀನುಗಳ ಬೆಳವಣಿಗೆಯನ್ನೂ ಕುಗ್ಗಿಸುವನು. ಎರಡನೆಯದಕ್ಕೆ ಉತ್ತರ: ಬಿಡಕೂಡದು. “ಪರೀಕ್ಷಿಸಿದ ಮೇಲೆಯೇ” ಎಂದಿದೆಯೇ ಹೊರತು “ದಿನ ಕಳೆದ ಮೇಲೆ” ಎಂದಿಲ್ಲ.

ಮೂರನೆಯ ಪಾಠ: ನಸುಕಿನಲ್ಲಿ ಉಸಿರುಕಟ್ಟುವುದು

ಬಿಸಿಲಿರುವಾಗ ನೀರಿನೊಳಗಿನ ಹಸುರು ಸಸ್ಯಗಳು ಆಮ್ಲಜನಕವನ್ನು ಬಿಡುತ್ತವೆ. ರಾತ್ರಿಯಲ್ಲಿ ಈ ಕ್ರಿಯೆಯು ನಿಂತು, ಸಸ್ಯಗಳೂ ಮೀನುಗಳೂ ಕೊಳೆಯುವ ಗೊಬ್ಬರವೂ ಇದ್ದ ಆಮ್ಲಜನಕವನ್ನೇ ವೆಚ್ಚ ಮಾಡುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಅದು ತೀರ ಕಡಮೆಯಾಗಿರುತ್ತದೆ. ಮೋಡ ಕವಿದ ದಿನಗಳು ಒಂದರ ಮೇಲೊಂದು ಬಂದರೂ, ಸಗಣಿ ಅಥವಾ ಮೇವನ್ನು ಮಿತಿಮೀರಿ ಹಾಕಿದರೂ ಕೊರತೆಯು ಹೆಚ್ಚುವುದು. ಆಗ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತವೆ. ಅಂಥ ಸಮಯದಲ್ಲಿ ಮೇವನ್ನೂ ಗೊಬ್ಬರವನ್ನೂ ನಿಲ್ಲಿಸಿ, ಹೊಸ ನೀರನ್ನು ಹಾಯಿಸಬೇಕು. ಇಲ್ಲವೆ ಪಂಪಿನಿಂದ ಕೊಳದ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿಸಬೇಕು.

ಪ್ರಶ್ನೆ: ಮೀನುಗಳು ಮೇಲೆ ಬಾಯಿ ತೆರೆಯುವುದನ್ನು ಕಂಡು, ಹಸಿದಿವೆಯೆಂದು ಒಬ್ಬನು ಒಂದು ಬುಟ್ಟಿ ತವುಡನ್ನು ಚೆಲ್ಲಿದರೆ ಸರಿಯೆ? ಮಧ್ಯಾಹ್ನ ಮಾತ್ರ ಕೊಳವನ್ನು ನೋಡುವವನಿಗೆ ಈ ಚಿಹ್ನೆಯು ಕಾಣುವುದೆ?

ವಿಮರ್ಶೆ: ಹಸಿವೆಂಬುದು ನೋಡಿದವನ ಊಹೆ, ಪಾಠದಲ್ಲಿ ಇಲ್ಲ. ಚೆಲ್ಲಿದ ತವುಡು ಕೊಳೆತು, ಉಳಿದ ಆಮ್ಲಜನಕವನ್ನೂ ಹೀರುವುದು. ಉಪಕಾರ ಮಾಡಹೋಗಿ ಅಪಕಾರವಾಗುವುದು. ಮಧ್ಯಾಹ್ನ ನೋಡುವವನಿಗೆ ಚಿಹ್ನೆಯು ಸಾಮಾನ್ಯವಾಗಿ ಕಾಣದು. ಏಕೆಂದರೆ ಬಿಸಿಲಿನಿಂದ ಆಮ್ಲಜನಕವು ಪುನಃ ತುಂಬಿರುತ್ತದೆ. ಆದುದರಿಂದ ಕೊಳದ ಬಳಿಗೆ ಹೋಗತಕ್ಕ ಹೊತ್ತು ನಸುಕು. ಪಾಠವು ಹೀಗೆ ಆಜ್ಞೆ ಮಾಡಿಲ್ಲ. ಕಾರಣವನ್ನು ತಿಳಿದವನು ತಾನೇ ಈ ನಿಯಮವನ್ನು ಮಾಡಿಕೊಳ್ಳುವನು.

ನಾಲ್ಕನೆಯ ಪಾಠ: ಮರಿಗಳು ಎಲ್ಲಿಂದ ಬರುತ್ತವೆ

ನಮ್ಮ ನಾಡಿನಲ್ಲಿ ಮೀನುಗಳ ಪರಿಚಯವು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮೀನುಗಳ ಜಾತಿಗಳೂ, ಅವುಗಳಿಗೆ ಹಾಕತಕ್ಕ ಆಹಾರವೂ ವರ್ಣಿತವಾಗಿವೆ. ಆದರೆ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮಳೆಗಾಲದಲ್ಲಿ ಹರಿಯುವ ನದಿಯಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ನೀರಿನ ಕೊಳದಲ್ಲಿ ತಾವಾಗಿ ಇಡುವುದಿಲ್ಲ. ಆದಕಾರಣ ಮರಿಗಳನ್ನು ನದಿಗಳಿಂದಲೇ ಹಿಡಿದು ತರಬೇಕಾಗಿತ್ತು. ಅವುಗಳಲ್ಲಿ ಬೇಡದ ಜಾತಿಗಳೂ ಬೆರೆತಿರುತ್ತಿದ್ದುವು. 1957ನೆಯ ಇಸವಿ ಜುಲೈ 10ರಂದು ಒಡಿಶಾದ ಅಂಗುಲ್ ಎಂಬಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು ಮೀನಿನ ಮೆದುಳಿನ ಬುಡದಲ್ಲಿರುವ ಗ್ರಂಥಿಯ ಸಾರವನ್ನು ಚುಚ್ಚಿ, ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಸಫಲರಾದರು. ಅಂದಿನಿಂದ ಶುದ್ಧ ಜಾತಿಯ ಮರಿಗಳನ್ನು ಉತ್ಪಾದನಾ ಕೇಂದ್ರಗಳಲ್ಲಿಯೇ ಪಡೆಯುವ ದಾರಿಯಾಯಿತು. ಸಾಮಾನ್ಯ ಗೆಂಡೆಯಾದರೋ ನಿಂತ ನೀರಿನಲ್ಲಿಯೂ ಮೊಟ್ಟೆಯಿಡುತ್ತದೆ.

ಪ್ರಶ್ನೆ: ಹೊಟ್ಟೆ ತುಂಬ ಮೊಟ್ಟೆಯಿರುವ ರೋಹುವನ್ನು ತನ್ನ ಕೊಳದಲ್ಲಿ ಕಂಡ ರೈತನು, ಮುಂದಿನ ವರ್ಷ ಮರಿಗಳನ್ನು ಕೊಳ್ಳುವ ಅಗತ್ಯವಿಲ್ಲವೆಂದರೆ ಪಾಠವು ಏನು ಹೇಳುತ್ತದೆ? ಇದು ಎಲ್ಲ ಮೀನುಗಳಿಗೂ ಅನ್ವಯಿಸುವುದೆ?

ವಿಮರ್ಶೆ: ಮೊಟ್ಟೆ ಬಲಿಯುವುದು ಬೇರೆ, ಮೊಟ್ಟೆಯಿಡುವುದು ಬೇರೆ. ರೋಹುವನ್ನು ನಂಬಿ ಕುಳಿತವನ ಕೊಳವು ಒಂದು ವರ್ಷ ಬರಿದಾಗಿರುವುದು. ಎಲ್ಲ ಮೀನುಗಳಿಗೂ ಇದು ಅನ್ವಯಿಸದು. ಕೊನೆಯ ವಾಕ್ಯದಲ್ಲಿ ಸಾಮಾನ್ಯ ಗೆಂಡೆಗೆ ವಿನಾಯಿತಿಯುಂಟು. ಕೊನೆಯ ವಾಕ್ಯಕ್ಕೆ ಬರುವುದರೊಳಗೆ ಓದುವವನಿಗೂ ಕೇಳುವವರಿಗೂ ಆಯಾಸವಾಗಿರುವುದುಂಟು. ವಿನಾಯಿತಿಗಳಾದರೋ ಹೆಚ್ಚಾಗಿ ಅಲ್ಲಿಯೇ ಇರುತ್ತವೆ.

ಮುಖಂಡರಲ್ಲಿ ವಿಜ್ಞಾಪನೆ

ಮೇಲ್ಕಂಡ ಕ್ರಮವು ಮೀನಿನ ವಿಷಯಕ್ಕೆ ಮಾತ್ರ ಸೀಮಿತವಲ್ಲ. ಕೆರೆಯ ಗುತ್ತಿಗೆಯ ಷರತ್ತು, ಸಾಲದ ಪತ್ರ, ಔಷಧದ ಡಬ್ಬಿಯ ಮೇಲಿನ ಬರಹ, ಇವೆಲ್ಲವನ್ನೂ ಇದೇ ರೀತಿಯಲ್ಲಿ ಓದತಕ್ಕದ್ದು. ಓದಲು ಬಾರದವರಿಗೆ ಓದಿ ಹೇಳುವವರು, ಪತ್ರಿಕೆಯನ್ನು ಮಡಿಸಿಟ್ಟು, ಕೇಳಿದವರಲ್ಲಿ ಒಬ್ಬರಿಂದ ವಿಷಯವನ್ನು ಅವರ ಮಾತಿನಲ್ಲಿಯೇ ಹೇಳಿಸಬೇಕು. ಅಂಕಿ, ಅಳತೆ, “ಮೊದಲು”, “ಮೇಲೆ”, “ಹೊರತು” ಇವು ಸರಿಯಾಗಿ ತಿರುಗಿ ಬಂದರೆ ಪಾಠವು ಮುಟ್ಟಿತೆಂದು ತಿಳಿಯಬಹುದು. ಬಾರದಿದ್ದರೆ ಇನ್ನೊಮ್ಮೆ ಓದಬೇಕು. ಹಿಂಡಿಯನ್ನು ನೆನೆಹಾಕುವುದಾಗಲಿ, ಮರಿಗಳಿಗೆ ಹಣ ಕಟ್ಟುವುದಾಗಲಿ, ಪತ್ರಕ್ಕೆ ರುಜು ಹಾಕುವುದಾಗಲಿ ಅದಾದ ಮೇಲೆ.