ಬಿಸಿ ಗಂಜಿಗೆ ಪ್ಲಾಸ್ಟಿಕ್ ಬೇಡ



ಕಳೆದ ತೆನೆಹಬ್ಬದಂದು ಇಗರ್ಜಿಯ ಅಂಗಳದಲ್ಲಿ ಕುದಿಯುವ ಪಾಯಸವನ್ನು ಪ್ಲಾಸ್ಟಿಕ್ ಬಾಲ್ದಿಗೆ ಸುರಿದು ಬಡಿಸಿದೆವು. ಉಳಿದದ್ದನ್ನು ತೊಟ್ಟೆಗಳಲ್ಲಿ ಕಟ್ಟಿ ಮನೆಗಳಿಗೆ ಕಳುಹಿಸಿದೆವು. ಆ ಬಾಲ್ದಿ ಕೊಳ್ಳಲು ಒಪ್ಪಿಗೆ ಕೊಟ್ಟವನು ನಾನೇ. ಆದ್ದರಿಂದ ಈ ಪಾಠ ಮೊದಲು ನನಗೆ.

ನಮ್ಮ ಗ್ರಂಥಿಗಳು ರಕ್ತಕ್ಕೆ ಬಿಡುವ ಹಾರ್ಮೋನುಗಳು ಅತ್ಯಲ್ಪ ಪ್ರಮಾಣದಲ್ಲೇ ಕೆಲಸ ಮಾಡುತ್ತವೆ. ಮಕ್ಕಳ ಬೆಳವಣಿಗೆ, ಮುಟ್ಟು, ಬಸಿರು ಎಲ್ಲವೂ ಅವುಗಳ ಕೈಯಲ್ಲಿದೆ. ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಹಾಕಿ ಒಳಹೊಕ್ಕು ಈ ವ್ಯವಸ್ಥೆಯನ್ನು ಕೆಡಿಸುತ್ತವೆ. ಗಾಜಿನಂತೆ ಕಾಣುವ ಗಟ್ಟಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕಿನಲ್ಲಿರುವ ಬಿಸ್ಫೆನಾಲ್-ಎ ಅಂಥದು. ಅದು ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತದೆಂದು 1936ರಲ್ಲೇ ತಿಳಿದಿತ್ತು. ಪಿ.ವಿ.ಸಿ.ಯನ್ನು ಮೆದುವಾಗಿಸುವ ಥ್ಯಾಲೇಟುಗಳು ಗರ್ಭದಲ್ಲಿರುವ ಗಂಡು ಇಲಿಮರಿಗಳ ಹಾರ್ಮೋನನ್ನು ತಗ್ಗಿಸಿದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಹಾಗೆಯೇ ಆಗುತ್ತದೆಂದು ಹೇಳಲಾಗದು. ಆದರೆ ಹೊಟ್ಟೆಯಲ್ಲಿರುವ ಮಗುವಿನ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿದೆ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ ಒಂದು ವಿಚಿತ್ರ ಅನುಭವವಾಯಿತು. ಯೀಸ್ಟು ಹೆಣ್ಣು ಹಾರ್ಮೋನನ್ನು ತಯಾರಿಸುತ್ತಿದೆಯೆಂದು ಅವರು ನಂಬಿದ್ದರು. ಹುಡುಕುತ್ತ ಹೋದಾಗ ಅದು ಯೀಸ್ಟಿನಿಂದ ಬಂದದ್ದೇ ಅಲ್ಲ! ಪ್ರಯೋಗದ ಪಾಲಿಕಾರ್ಬೊನೇಟ್ ಪಾತ್ರೆಯನ್ನು ಹಬೆಯಲ್ಲಿ ಕಾಯಿಸಿದಾಗ ಬಿಸ್ಫೆನಾಲ್ ನೀರಿಗಿಳಿದಿತ್ತು. 1993ರಲ್ಲಿ ಇದನ್ನು ಪ್ರಕಟಿಸಿದರು. ಬಿಸಿ ತಾಗಿದರೆ ಪ್ಲಾಸ್ಟಿಕ್ ತನ್ನೊಳಗಿನದನ್ನು ಬಿಟ್ಟುಕೊಡುತ್ತದೆ. ಎಣ್ಣೆ, ತುಪ್ಪದ ಪದಾರ್ಥ ಅದನ್ನು ಬೇಗ ಹೀರಿಕೊಳ್ಳುತ್ತದೆ.

ಬಾಲ್ದಿಯಲ್ಲಿ ಬಿಸ್ಫೆನಾಲ್ ಇರಲೇಬೇಕೆಂದಿಲ್ಲ, ನಿಜ. ಆದರೆ ಸಂತೆಯ ಅಗ್ಗದ ಬಣ್ಣದ ಬಾಲ್ದಿ ಯಾವ ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದೆಂದು ಬಲ್ಲವರಾರು?

ಯುರೋಪಿನ ಒಕ್ಕೂಟ 2011ರಲ್ಲೇ ಮಕ್ಕಳ ಹಾಲಿನ ಬಾಟಲಿಗಳಲ್ಲಿ ಬಿಸ್ಫೆನಾಲ್-ಎ ನಿಷೇಧಿಸಿತು. ‘ಬಿಸ್ಫೆನಾಲ್-ಎ ಇಲ್ಲ’ ಎಂಬ ಚೀಟಿ ನೋಡಿ ಪೂರ್ತಿ ನಂಬಬೇಡಿ. ಬದಲಿಗೆ ಬಂದ ಬಿಸ್ಫೆನಾಲ್-ಎಸ್ ಅದರ ತಮ್ಮನೇ. ತಾಯಂದಿರೇ, ಎದೆಹಾಲು ಇರುವಾಗ ಬಾಟಲಿ ಯಾಕೆ? ಹೊರಗಿನ ಹಾಲು ಕೊಡಲೇಬೇಕಾದರೆ ಕುದಿಸಿ ತೊಳೆದ ಸ್ಟೀಲ್ ಲೋಟ, ಚಮಚ ಸಾಕು. ತೋಟಕ್ಕೆ ಒಯ್ಯುವ ಗಂಜಿ ಸ್ಟೀಲ್ ತೂಕಿನಲ್ಲಿರಲಿ, ಉಪ್ಪಿನಕಾಯಿ ಭರಣಿಯಲ್ಲಿರಲಿ. ಔಷಧಿ ಸಿಂಪಡಿಸಿದ ಖಾಲಿ ಕ್ಯಾನನ್ನಂತೂ ಎಷ್ಟು ತೊಳೆದರೂ ನೀರಿಗೆ, ಎಣ್ಣೆಗೆ ಬಳಸಬೇಡಿ. ತೂತು ಮಾಡಿಬಿಡಿ. ಪ್ಲಾಸ್ಟಿಕನ್ನು ಒಲೆಗೆ ಹಾಕಿ ಸುಡುವುದು ಇನ್ನೂ ಕೆಟ್ಟದ್ದು.

ನಮ್ಮ ತೋಟದಲ್ಲೇ ಬೀಳುವ ಅಡಿಕೆ ಹಾಳೆ, ಬಾಳೆ ಎಲೆ ಇರುವಾಗ ಪ್ಲಾಸ್ಟಿಕ್ ತಟ್ಟೆ ಕೊಂಡು ತಂದದ್ದೂ ನಾವೇ. ಮುಂದಿನ ಹಬ್ಬಕ್ಕೆ ಸ್ಟೀಲ್ ಬಾಲ್ದಿ, ಸೌಟು ಕೊಡಬಲ್ಲವರು ತಮ್ಮ ವಾಳೆಯ ಗುರಿಕಾರರಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.