ಹಳೆಯ ಮಾನಿಟರಿನ ರೋಗನಿದಾನ

ಉಬ್ಬಿದ ಗಾಜಿನ ಮುಖವೂ ಹಿಂದಕ್ಕೆ ಚಾಚಿದ ಭಾರವಾದ ಬೆನ್ನೂ ಉಳ್ಳ ಹಳೆಯ ಗಣಕಯಂತ್ರದ ಮಾನಿಟರನ್ನು ನಿಮ್ಮಲ್ಲಿ ಅನೇಕರು ಕಂಡಿರಲಾರಿರಿ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮೇಜಿನ ಮೇಲೆ ಗಣಕವಿದ್ದಲ್ಲಿ ಈ ಪೆಟ್ಟಿಗೆಯೂ ಇರುತ್ತಿತ್ತು. ಈಗ ಅದರ ಸ್ಥಾನವನ್ನು ತೆಳುವಾದ ಚಪ್ಪಟೆ ತೆರೆಗಳು ಆಕ್ರಮಿಸಿವೆ. ಆದರೂ ಹಳೆಯ ಗಣಕಗಳನ್ನೂ ಆಟಗಳನ್ನೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರ ಮನೆಗಳಲ್ಲಿ, ಹಳೆಯ ಉಪಕರಣಗಳನ್ನು ಇನ್ನೂ ಬಿಡದ ಕೆಲವು ಪ್ರಯೋಗಶಾಲೆಗಳ ಮೂಲೆಗಳಲ್ಲಿ ಅದು ಇಂದಿಗೂ ಬೆಳಗುವುದುಂಟು.

ಅದರ ಚಿತ್ರ ಕೆಟ್ಟಾಗ ಜನರು ಮಾಡುತ್ತಿದ್ದ ಮೊದಲ ಚಿಕಿತ್ಸೆಯೆಂದರೆ ಅಂಗೈಯಿಂದ ಪೆಟ್ಟಿಗೆಯ ಪಕ್ಕೆಗೆ ಒಂದು ಏಟು. ಆಶ್ಚರ್ಯದ ಸಂಗತಿಯೆಂದರೆ, ಕೆಲವೊಮ್ಮೆ ಚಿತ್ರ ಸರಿಯಾಗಿಬಿಡುತ್ತಿತ್ತು! ಒಳಗೆ ಎಲ್ಲಿಯೋ ಒಂದು ಬೆಸುಗೆ ಬಿರುಕು ಬಿಟ್ಟಿತ್ತು, ಏಟಿನ ಅದುರಿಗೆ ಅದು ಕ್ಷಣಕಾಲ ಕೂಡಿಕೊಂಡಿತು ಎಂಬುದಷ್ಟೇ ಇದರ ಅರ್ಥ. ಬಲ್ಲ ಕುಶಲಕರ್ಮಿಯು ಕೈಯೆತ್ತುವ ಮೊದಲು ತೆರೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನೋಡುತ್ತಾನೆ. ವೈದ್ಯನಿಗೆ ರೋಗಿಯ ನಾಡಿ ಹೇಗೋ ಹಾಗೆ ಅವನಿಗೆ ತೆರೆ. ದೋಷವು ಎಲ್ಲಿ ಅಡಗಿದೆ ಎಂಬುದನ್ನು ಬಹುಮಟ್ಟಿಗೆ ಆ ತೆರೆಯೇ ತಿಳಿಸುತ್ತದೆ. ಅದನ್ನು ಓದಲು ಬರಬೇಕು.

ಓದಬೇಕಾದರೆ ಅಲ್ಲಿ ಚಿತ್ರ ಮೂಡುವ ಬಗೆಯನ್ನು ಅರಿತಿರಬೇಕು. ಈ ಮಾನಿಟರಿನ ಜೀವಾಳ ಕ್ಯಾಥೋಡ್ ಕಿರಣ ನಳಿಕೆ. 1897ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನನು ವಿದ್ಯುತ್ತಿನ ಏರಿಳಿತಗಳನ್ನು ಕಣ್ಣಿಗೆ ಕಾಣಿಸುವ ಸಲುವಾಗಿ ಇದರ ಮೂಲರೂಪವನ್ನು ನಿರ್ಮಿಸಿದನು. ಗಾಳಿಯನ್ನು ಹೊರತೆಗೆದ ದೊಡ್ಡದೊಂದು ಗಾಜಿನ ಬುರುಡೆ. ಅದರ ಕೊರಳಿನಲ್ಲಿ ಎಲೆಕ್ಟ್ರಾನುಗಳನ್ನು ಚಿಮ್ಮಿಸುವ ಕೋವಿ. ಮುಖದ ಒಳಮೈಗೆ ಫಾಸ್ಫರ್ ಎಂಬ ಲೇಪ. ಎಲೆಕ್ಟ್ರಾನುಗಳು ಬಡಿದೆಡೆ ಈ ಲೇಪ ಹೊಳೆಯುತ್ತದೆ. ಕೊರಳನ್ನು ಬಳಸಿಕೊಂಡಿರುವ ತಂತಿಯ ಸುರುಳಿಗಳು ತಮ್ಮ ಕಾಂತಬಲದಿಂದ ಆ ಕಿರಣವನ್ನು ಬಾಗಿಸಿ, ಓದುವವನ ಕಣ್ಣು ಪುಟದ ಮೇಲೆ ಚಲಿಸುವಂತೆ, ಎಡದಿಂದ ಬಲಕ್ಕೆ ಗೆರೆ ಗೆರೆಯಾಗಿ, ಮೇಲಿನಿಂದ ಕೆಳಕ್ಕೆ ಓಡಿಸುತ್ತವೆ. ಸಾಮಾನ್ಯ ಮಾನಿಟರೊಂದರಲ್ಲಿ ಅದು ಸೆಕೆಂಡಿಗೆ 31,000ಕ್ಕೂ ಹೆಚ್ಚು ಗೆರೆಗಳನ್ನು ಎಳೆದು, ಇಡೀ ತೆರೆಯನ್ನು 60 ಬಾರಿ ಬರೆದು ಮುಗಿಸುತ್ತದೆ. ನಾವು ನಿಶ್ಚಲವೆಂದು ಭಾವಿಸುವ ಚಿತ್ರವು ವಾಸ್ತವವಾಗಿ ಓಡುವ ಒಂದು ಚುಕ್ಕೆಯ ಜಾಡು. ಬಣ್ಣದ ತೆರೆಗೆ ಕೆಂಪು, ಹಸಿರು, ನೀಲಿಗಳಿಗಾಗಿ ಮೂರು ಕಿರಣಗಳು. ಪ್ರತಿಯೊಂದು ಕಿರಣವೂ ತನ್ನ ಬಣ್ಣದ ಚುಕ್ಕೆಗೆ ಮಾತ್ರ ತಾಗುವಂತೆ, ಲೇಪದ ಹಿಂಬದಿಯಲ್ಲಿ ಸಣ್ಣ ಸಣ್ಣ ರಂಧ್ರಗಳ ಲೋಹದ ಜಾಲರಿಯೊಂದಿರುತ್ತದೆ. ಈ ಜಾಲರಿಯನ್ನು ನೆನಪಿನಲ್ಲಿಡಿ. ಮುಂದೆ ಇದರ ಮಾತು ಬರುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ನಮ್ಮ ಮನೆಗಳ ವಿದ್ಯುತ್ತು 230 ವೋಲ್ಟಿನದು. ಬಣ್ಣದ ನಳಿಕೆಯೊಳಗೆ ಎಲೆಕ್ಟ್ರಾನುಗಳನ್ನು ಸೆಳೆಯಲು ಬಳಸುವುದು ಸುಮಾರು 25,000 ವೋಲ್ಟು. ಅಲ್ಲದೆ ನಳಿಕೆಯ ಗಾಜಿಗೆ ಒಳಗೂ ಹೊರಗೂ ವಿದ್ಯುದ್ವಾಹಕ ಲೇಪವಿರುವುದರಿಂದ, ಅದು ದೊಡ್ಡದೊಂದು ವಿದ್ಯುತ್ ಧಾರಕದಂತೆ ವರ್ತಿಸಿ, ಗೋಡೆಯ ಸಂಪರ್ಕವನ್ನು ಕಿತ್ತ ಬಳಿಕವೂ ಬಹಳ ಹೊತ್ತು ವಿದ್ಯುದಾವೇಶವನ್ನು ಹಿಡಿದಿಟ್ಟುಕೊಂಡಿರಬಲ್ಲದು. ಪ್ಲಗ್ಗು ಕಿತ್ತಿದ್ದೇನಲ್ಲ ಎಂಬ ಧೈರ್ಯದಿಂದ ಬೆನ್ನಿನ ತಿರುಪುಗಳನ್ನು ಬಿಚ್ಚಿ ಒಳಗೆ ಕೈಯಿಟ್ಟವರಿಗೆ ಪ್ರಾಣಾಪಾಯವಿದೆ. ಆದುದರಿಂದ ಇಲ್ಲಿ ಹೇಳುವ ಪರೀಕ್ಷೆಗಳೆಲ್ಲವೂ ಪೆಟ್ಟಿಗೆಯ ಹೊರಗೆ ನಿಂತು ಮಾಡತಕ್ಕವು.

ತೆರೆ ಕತ್ತಲಾಗಿದೆ ಎಂದುಕೊಳ್ಳೋಣ. ಕೆಟ್ಟಿರುವುದು ಮಾನಿಟರೋ ಅದಕ್ಕೆ ಚಿತ್ರವನ್ನು ಕಳುಹಿಸುವ ಗಣಕವೋ? ಮುಖದ ಕೆಳಗಿನ ಪುಟ್ಟ ದೀಪವನ್ನು ನೋಡಿರಿ. ಅದು ಉರಿಯದಿದ್ದರೆ ವಿದ್ಯುತ್ತು ಬಂದಿಲ್ಲ, ಇಲ್ಲವೆ ಒಳಗಿನ ವಿದ್ಯುತ್ ಪೂರೈಕೆಯ ಭಾಗ ಕೆಟ್ಟಿದೆ. ಬಹುಪಾಲು ಮಾನಿಟರುಗಳಲ್ಲಿ ಹಸಿರು ಬೆಳಕು ಎಚ್ಚರದ ಗುರುತು, ಕಿತ್ತಳೆಯ ಬೆಳಕು ನಿದ್ರೆಯ ಗುರುತು. ನಿದ್ರೆಯಲ್ಲಿದೆಯೆಂದರೆ ಗಣಕದಿಂದ ಸಂಕೇತ ತಲುಪುತ್ತಿಲ್ಲ. ಚಿತ್ರವನ್ನು ತರುವ ಕೇಬಲ್ಲನ್ನು ಗಣಕದ ಕಡೆಯಿಂದ ಬಿಡಿಸಿ ಮಾನಿಟರನ್ನು ಹಚ್ಚಿದರೆ, ಅನೇಕ ಮಾನಿಟರುಗಳು ಸಂಕೇತವಿಲ್ಲವೆಂಬ ಸ್ವಂತ ಸಂದೇಶವನ್ನು ತಾವೇ ತೆರೆಯ ಮೇಲೆ ಬರೆದು ತೋರಿಸುತ್ತವೆ. ಆ ಸಂದೇಶ ಸ್ಪಷ್ಟವಾಗಿ ಮೂಡಿದರೆ ನಳಿಕೆ ಆರೋಗ್ಯವಾಗಿದೆ. ದೋಷವನ್ನು ಗಣಕದಲ್ಲಿಯೋ ಕೇಬಲ್ಲಿನಲ್ಲಿಯೋ ಹುಡುಕಬೇಕು. ಈ ಸುಲಭ ಪರೀಕ್ಷೆಯನ್ನು ಮಾಡದೆ ಹತ್ತಿಪ್ಪತ್ತು ಕಿಲೋಗ್ರಾಮು ತೂಕದ ಪೆಟ್ಟಿಗೆಯನ್ನು ದುರಸ್ತಿಯ ಅಂಗಡಿಗೆ ಹೊತ್ತವರು ಕಡಿಮೆಯಿಲ್ಲ. ಪ್ರಕಾಶದ ಗುಂಡಿಯನ್ನು ಯಾರೋ ಪೂರ್ತಿ ತಗ್ಗಿಸಿಟ್ಟಿದ್ದರಿಂದಲೂ ತೆರೆ ಕತ್ತಲಾದದ್ದುಂಟು.

ಬಣ್ಣಗೆಟ್ಟ ತೆರೆಯ ನಿದಾನ ಇನ್ನೂ ಸ್ವಾರಸ್ಯವಾದುದು. ಬಿಳಿಯ ಪುಟವೊಂದು ಹಳದಿಯಾಗಿ ಕಾಣುತ್ತಿದೆಯೆನ್ನೋಣ. ಬೆಳಕಿನ ಲೋಕದಲ್ಲಿ ಕೆಂಪು, ಹಸಿರು, ನೀಲಿ ಈ ಮೂರೂ ಸೇರಿದರೆ ಬಿಳಿ. ಕೆಂಪು ಮತ್ತು ಹಸಿರು ಮಾತ್ರ ಸೇರಿದರೆ ಹಳದಿ. ಹಾಗಾದರೆ ಬಾರದೆ ಉಳಿದದ್ದು ನೀಲಿ. ಪುಟ ಗುಲಾಬಿ ನೇರಳೆಯಾಗಿದ್ದರೆ ಹಸಿರು ತಪ್ಪಿದೆ. ಹಸಿರು ಬೆರೆತ ತಿಳಿನೀಲಿಯಾಗಿದ್ದರೆ ಕೆಂಪು ತಪ್ಪಿದೆ. 1987ರಲ್ಲಿ ಐಬಿಎಂ ಸಂಸ್ಥೆಯು ಬಳಕೆಗೆ ತಂದ ಸಂಪರ್ಕದ ಕ್ರಮದಲ್ಲಿ ಕೇಬಲ್ಲಿನ ತುದಿಗೆ ಮೂರು ಸಾಲುಗಳಲ್ಲಿ 15 ಪಿನ್ನುಗಳ ಸ್ಥಾನ. ಮೊದಲನೆಯದು ಕೆಂಪನ್ನೂ ಎರಡನೆಯದು ಹಸಿರನ್ನೂ ಮೂರನೆಯದು ನೀಲಿಯನ್ನೂ ಒಯ್ಯುತ್ತವೆ. ಹಳದಿಯ ತೆರೆಯನ್ನು ಕಂಡವರು ಎರಡೂ ಯಂತ್ರಗಳನ್ನು ಆರಿಸಿ, ಕೇಬಲ್ಲನ್ನು ಬಿಡಿಸಿ, ಮೂರನೆಯ ಪಿನ್ನು ಬಾಗಿದೆಯೋ ಮುರಿದಿದೆಯೋ ಎಂದು ನೋಡಬೇಕು. ಕೇಬಲ್ಲನ್ನು ಅವಸರದಿಂದ ಓರೆಯಾಗಿ ತುರುಕಿದ್ದರೆ ಪಿನ್ನು ಬಾಗುವುದು ಸಹಜ. ಮಧ್ಯದ ಸಾಲಿನ ಒಂಬತ್ತನೆಯ ಪಿನ್ನು ಇಲ್ಲದಿರುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಅನೇಕ ಕೇಬಲ್ಲುಗಳಲ್ಲಿ ತಯಾರಕರೇ ಅದನ್ನು ಬಿಟ್ಟಿರುತ್ತಾರೆ.

ಪಿನ್ನುಗಳೆಲ್ಲ ನೆಟ್ಟಗಿದ್ದು ಬಣ್ಣ ಮಾತ್ರ ಸರಿಯಿಲ್ಲದಿದ್ದರೆ, ಮಾನಿಟರು ತನ್ನ ಗುಂಡಿಗಳನ್ನೊತ್ತಿದಾಗ ತೋರಿಸುವ ಸ್ವಂತ ಪಟ್ಟಿಯನ್ನು ಗಮನಿಸಬೇಕು. ಅದು ಗಣಕದಿಂದ ಬಂದದ್ದಲ್ಲ, ಮಾನಿಟರೇ ರಚಿಸಿದ್ದು. ಗಣಕದ ಬಿಳಿ ಹಳದಿಯಾಗಿ, ಪಟ್ಟಿಯ ಬಿಳಿ ಶುದ್ಧವಾಗಿ ಕಂಡರೆ ತೊಂದರೆಯು ಹಾದಿಯಲ್ಲಿದೆ. ಎರಡೂ ಹಳದಿಯಾಗಿದ್ದರೆ ನೀಲಿಯ ಕೋವಿಯೋ ಅದಕ್ಕೆ ಸೇರಿದ ಮಂಡಲವೋ ಸೋತಿದೆಯೆಂದು ತಿಳಿದು ಅನುಭವಿ ದುರಸ್ತಿಗಾರನನ್ನು ಕರೆಯಬೇಕಾಗುತ್ತದೆ.

ಕೆಲವೊಮ್ಮೆ ತೆರೆಯೆಲ್ಲ ಸರಿಯಿದ್ದು ಒಂದು ಮೂಲೆಯಲ್ಲಿ ಮಾತ್ರ ಹಸಿರು ಅಥವಾ ನೇರಳೆಯ ಮಚ್ಚೆ ಮೂಡುತ್ತದೆ. ಬಳಿಯಲ್ಲಿ ಧ್ವನಿವರ್ಧಕವೇನಾದರೂ ಇದೆಯೇ ನೋಡಿರಿ. ಅದರೊಳಗಿನ ಅಯಸ್ಕಾಂತವು ಕಿರಣಗಳನ್ನು ಓರೆಗೊಳಿಸಿ, ಒಂದು ಬಣ್ಣದ ಕಿರಣ ಮತ್ತೊಂದರ ಚುಕ್ಕೆಗೆ ಬೀಳುವಂತೆ ಮಾಡುತ್ತದೆ. ಧ್ವನಿವರ್ಧಕವನ್ನು ದೂರ ಸರಿಸಿದ ಮೇಲೂ ಮಚ್ಚೆ ಉಳಿದರೆ, ನಾವು ಮೊದಲು ಹೇಳಿದ ಲೋಹದ ಜಾಲರಿಯೇ ಕಾಂತತ್ವ ಪಡೆದಿದೆಯೆಂದು ಅರ್ಥ. ಇದಕ್ಕೆ ಮದ್ದು ಮಾನಿಟರಿನಲ್ಲಿಯೇ ಇದೆ. ಹಚ್ಚಿದ ಕ್ಷಣದಲ್ಲಿ ‘ಧುಮ್’ ಎಂಬ ಸದ್ದಿನೊಡನೆ ಚಿತ್ರ ನಡುಗುವುದನ್ನು ಬಳಸಿದವರು ಬಲ್ಲರು. ನಳಿಕೆಯ ಮುಖವನ್ನು ಸುತ್ತಿದ ಸುರುಳಿಯೊಂದರಲ್ಲಿ ದಿಕ್ಕು ಬದಲಿಸುತ್ತಾ ಕ್ರಮೇಣ ಕ್ಷೀಣಿಸುವ ವಿದ್ಯುತ್ತು ಹರಿದು ಜಾಲರಿಯ ಕಾಂತತ್ವವನ್ನು ತೊಡೆಯುವ ಸದ್ದು ಅದು. ಈ ಕ್ರಿಯೆಗೆ ಡಿಗಾಸ್ ಎಂದು ಹೆಸರು. ಕಾಂತತ್ವದ ಅಧ್ಯಯನದಲ್ಲಿ ಪ್ರಸಿದ್ಧನಾದ ಜರ್ಮನ್ ಗಣಿತಜ್ಞ ಗಾಸ್‌ನ ನೆನಪು ಅದರಲ್ಲಿದೆ. ಈ ಮಾತು ಹುಟ್ಟಿದ್ದು ಮಾತ್ರ ಗಣಕಗಳಿಂದಲ್ಲ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ, ಹಡಗಿನ ಉಕ್ಕಿನ ಕಾಂತತ್ವವನ್ನು ಗುರುತಿಸಿ ಸಿಡಿಯುತ್ತಿದ್ದ ಜರ್ಮನ್ ಸಿಡಿಗುಂಡುಗಳಿಂದ ತಮ್ಮ ಹಡಗುಗಳನ್ನು ಉಳಿಸಿಕೊಳ್ಳಲು ಬ್ರಿಟಿಷರು ಕೈಗೊಂಡ ಉಪಾಯವದು. ಗುಂಡಿಯನ್ನು ಮೇಲಿಂದ ಮೇಲೆ ಒತ್ತಿ ಫಲವಿಲ್ಲ; ಒಮ್ಮೆ ಕಾದ ಅದರ ನಿಯಂತ್ರಕ ಬಿಡಿಭಾಗವು ತಣಿಯಲು ಅರ್ಧ ಗಂಟೆಯಾದರೂ ಬೇಕು. ಭೂಮಿಯ ಕಾಂತಕ್ಷೇತ್ರವೂ ಕಿರಣಗಳನ್ನು ಸ್ವಲ್ಪ ಓರೆಗೊಳಿಸುತ್ತದೆ. ಹಚ್ಚಿರುವಾಗಲೇ ಮಾನಿಟರನ್ನು ಪೂರ್ವದಿಂದ ಉತ್ತರಕ್ಕೆ ತಿರುಗಿಸಿದರೆ ಬಣ್ಣ ತುಸು ಕದಡುವುದುಂಟು.

ಚಿತ್ರ ಬೆಂಕಿಯ ಮೇಲಿನ ಗಾಳಿಯಂತೆ ನಡುಗುತ್ತಿದ್ದರೆ, ಪಕ್ಕದಲ್ಲಿ ಸ್ಟೆಬಿಲೈಸರ್, ಯುಪಿಎಸ್, ಮೇಜಿನ ಫ್ಯಾನು ಮುಂತಾದುವು ಇವೆಯೇ ಎಂದು ನೋಡಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ತೆರೆ ಬರೆಯುವುದು 60 ಬಾರಿ. ಇವೆರಡರ ನಡುವಣ ಅಂತರದಂತೆ ಸೆಕೆಂಡಿಗೆ 10 ಬಾರಿ ಚಿತ್ರ ಅಲುಗುತ್ತದೆ. ಅಮೆರಿಕದಲ್ಲಿ ವಿದ್ಯುತ್ತೂ 60 ಆವರ್ತಗಳದಾದುದರಿಂದ ಅದೇ ದೋಷ ಅಲ್ಲಿ ನಿಧಾನವಾಗಿ ತೇಲುವ ಅಲೆಯಂತೆ ತೋರುತ್ತದೆ. ಆ ದೇಶದ ಕೈಪಿಡಿಯನ್ನು ನೆಚ್ಚಿಕೊಂಡು ಇಲ್ಲಿ ತೇಲುವ ಅಲೆಯನ್ನು ಹುಡುಕಿದರೆ ಕಾಣಸಿಗದು. ಯಂತ್ರಗಳನ್ನು ಒಂದು ಮಾರು ದೂರ ಸರಿಸಿದರೆ ಸಾಮಾನ್ಯವಾಗಿ ನಡುಕ ನಿಲ್ಲುತ್ತದೆ. ನಡುಕವಿಲ್ಲದೆ ಬರಿಯ ಮಿಣುಕು ಕಣ್ಣನ್ನು ಬಾಧಿಸುತ್ತಿದ್ದರೆ, ತೆರೆಯನ್ನು ಸೆಕೆಂಡಿಗೆ 75 ಅಥವಾ 85 ಬಾರಿ ಬರೆಯುವಂತೆ ಗಣಕದಲ್ಲಿ ನಿಗದಿಮಾಡಬಹುದು. ಮಾನಿಟರಿನ ಶಕ್ತಿ ಮೀರಿ ನಿಗದಿಮಾಡಿದರೆ ಅದು ಚಿತ್ರವನ್ನೇ ನಿರಾಕರಿಸೀತು.

ಇನ್ನು ಕೆಲವು ಕುರುಹುಗಳನ್ನು ಕಂಡೊಡನೆ ಮಾನಿಟರನ್ನು ಆರಿಸಬೇಕು. ಇಡೀ ಚಿತ್ರ ಕುಸಿದು ತೆರೆಯ ನಡುವೆ ಅಡ್ಡವಾಗಿ ಒಂದೇ ಪ್ರಖರವಾದ ಗೆರೆ ಉಳಿದರೆ, ಕಿರಣವನ್ನು ಮೇಲೆ ಕೆಳಗೆ ಓಡಿಸುವ ಮಂಡಲ ನಿಂತುಹೋಗಿದೆ. ಹಾಗೆಯೇ ಬಿಟ್ಟರೆ ಎಲ್ಲ ಕಿರಣಗಳ ಹೊಡೆತವೂ ಆ ಒಂದು ಗೆರೆಯ ಮೇಲೆಯೇ ಬಿದ್ದು ಲೇಪ ಶಾಶ್ವತವಾಗಿ ಸುಟ್ಟುಹೋಗುತ್ತದೆ. ಚಟಪಟ ಸದ್ದು, ಸುಟ್ಟ ವಾಸನೆ ಇವೂ ಅದೇ ಬಗೆಯವು. ಇದಕ್ಕೆ ಪ್ರತಿಯಾಗಿ, ದೋಷವೇ ಅಲ್ಲದ ಕುರುಹೂ ಒಂದಿದೆ. ಸೋನಿ ಸಂಸ್ಥೆಯು 1968ರಲ್ಲಿ ಹೊರತಂದ ಟ್ರಿನಿಟ್ರಾನ್ ಬಗೆಯ ನಳಿಕೆಗಳಲ್ಲಿ ರಂಧ್ರಗಳ ಜಾಲರಿಯ ಬದಲು ಲಂಬವಾಗಿ ಬಿಗಿದ ತೆಳುಪಟ್ಟಿಗಳಿರುತ್ತವೆ. ಅವು ಅದುರದಂತೆ ಅಡ್ಡಲಾಗಿ ಒಂದೆರಡು ನವಿರಾದ ತಂತಿಗಳನ್ನು ಹಾಯಿಸಿರುತ್ತಾರೆ. ಬಿಳಿಯ ತೆರೆಯ ಮೇಲೆ ಕೂದಲೆಳೆಯಂತೆ ಕಾಣುವ ಅವುಗಳ ನೆರಳನ್ನು ಬಿರುಕೆಂದು ಭಾವಿಸಿ ದೂರಿದವರಿಗೆ, ಇದು ಹೀಗೆಯೇ ಇರತಕ್ಕದ್ದೆಂದು ಮಾರಾಟಗಾರರು ತಿಳಿಹೇಳಬೇಕಾಗುತ್ತಿತ್ತು.

ಕೊನೆಗೆ ಮುಪ್ಪು. ವರ್ಷಗಳು ಕಳೆದಂತೆ ಕೋವಿ ಎಲೆಕ್ಟ್ರಾನುಗಳನ್ನು ಹೊಮ್ಮಿಸುವ ಕಸುವನ್ನು ಕಳೆದುಕೊಳ್ಳುತ್ತದೆ. ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಚಿತ್ರ ಬೆಳಗುವುದು, ಪ್ರಕಾಶವನ್ನು ಪೂರ್ತಿ ಏರಿಸಿದರೂ ಮಂಕಾಗಿರುವುದು ಇದರ ಲಕ್ಷಣ. ಇದಕ್ಕೆ ನೆಚ್ಚಬಹುದಾದ ಚಿಕಿತ್ಸೆಯಿಲ್ಲ. ಆದರೆ ಬಾಗಿದ ಒಂದು ಪಿನ್ನಿಗಾಗಿ ಗುಜರಿಗೆ ಹೋದ ಮಾನಿಟರಿಗೂ ನಿಜವಾಗಿ ಮುಪ್ಪಡರಿದ ಮಾನಿಟರಿಗೂ ಅಲ್ಲಿ ಒಂದೇ ಗತಿ: ಸುರುಳಿಯ ತಾಮ್ರಕ್ಕಾಗಿ ಸುತ್ತಿಗೆಯಿಂದ ಒಡೆಯುವುದು. ಒಳಗೆ ಗಾಳಿಯಿಲ್ಲದ ಕಾರಣ 30 ಸೆಂಟಿಮೀಟರು ಅಗಲ, 22 ಸೆಂಟಿಮೀಟರು ಎತ್ತರದ ಮುಖದ ಮೇಲೆಯೇ ವಾತಾವರಣದ ಒತ್ತಡ 600 ಕಿಲೋಗ್ರಾಮಿಗೂ ಮಿಕ್ಕಿರುತ್ತದೆ; ಒಡೆದರೆ ಗಾಜಿನ ಚೂರುಗಳು ರಭಸದಿಂದ ಸಿಡಿಯುತ್ತವೆ. ಒಳಗೆ ಹುಟ್ಟುವ ಕ್ಷ-ಕಿರಣಗಳನ್ನು ತಡೆಯಲು ಆ ಗಾಜಿನಲ್ಲಿ ಬೆರೆಸಿದ ಸೀಸವು ಒಡೆದ ಚೂರುಗಳೊಡನೆ ಮಣ್ಣನ್ನು ಸೇರುತ್ತದೆ. 2022ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂತಹ ತ್ಯಾಜ್ಯವನ್ನು ಬಿಡಿಸಿ ಸಂಸ್ಕರಿಸುವವರು ನೋಂದಣಿ ಪಡೆದವರಾಗಿರಬೇಕು.