ಎಚ್‌ಪಿವಿ ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ

ಪ್ರಶ್ನೆ: ನನಗೆ 38 ವರ್ಷ, ಇಬ್ಬರು ಮಕ್ಕಳು. ತಪಾಸಣೆಯಲ್ಲಿ ಎಚ್‌ಪಿವಿ 16 ಪಾಸಿಟಿವ್ ಎಂದು ಬಂದಿದೆ. ಪ್ಯಾಪ್ ಪರೀಕ್ಷೆ ನಾರ್ಮಲ್ ಇದೆ, ಯಾವ ತೊಂದರೆಯೂ ಇಲ್ಲ. ಇದು ಕ್ಯಾನ್ಸರೇ ಡಾಕ್ಟರ್? ವೈರಸ್‌ನ ಪ್ರೋಟೀನ್ ಪತ್ತೆಮಾಡುವ ಪರೀಕ್ಷೆ ಇದೆಯಂತೆ, ಮಾಡಿಸಲೇ? ಯಜಮಾನರಿಗೆ ಹೇಳಲೂ ಅಂಜಿಕೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಗಾಬರಿಯಾಗಬೇಡಿ. ನಿಮ್ಮ ಗರ್ಭಕಂಠದಲ್ಲಿ ಎಚ್‌ಪಿವಿ ಎಂಬ ವೈರಸ್‌ನ 16ನೇ ವಿಧದ ಡಿಎನ್‌ಎ ಸಿಕ್ಕಿದೆ ಎಂದಷ್ಟೇ ಈ ವರದಿಯ ಅರ್ಥ. ಲೈಂಗಿಕ ಸಂಪರ್ಕವಿರುವ ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗಲುತ್ತದೆ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಅಡಗಿಸುತ್ತದೆ. ಎಷ್ಟೋ ವರ್ಷಗಳ ಹಿಂದಿನ ಸೋಂಕು ಈಗ ಕಾಣಿಸಿಕೊಂಡಿರಬಹುದು. ಹಾಗಾಗಿ ಇದರಿಂದ ಯಾರ ನಡತೆಯನ್ನೂ ಅಳೆಯಲಾಗದು. ಯಜಮಾನರಿಗೆ ಧೈರ್ಯವಾಗಿ ಹೇಳಿ.

ಆದರೆ ಉದಾಸೀನವೂ ಬೇಡ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇ 70ರಷ್ಟಕ್ಕೆ ಎಚ್‌ಪಿವಿ 16 ಮತ್ತು 18 ಕಾರಣ. ಸೋಂಕು ವರ್ಷಗಟ್ಟಲೆ ಉಳಿದರೆ ವೈರಸ್ ಇ6, ಇ7 ಎಂಬ ಪ್ರೋಟೀನ್‌ಗಳನ್ನು ಹೆಚ್ಚು ತಯಾರಿಸತೊಡಗಬಹುದು. ನಮ್ಮ ಜೀವಕೋಶಗಳು ಮಿತಿಮೀರಿ ಬೆಳೆಯದಂತೆ ಪಿ53 ಮತ್ತು ಆರ್‌ಬಿ ಎಂಬ ಪ್ರೋಟೀನ್‌ಗಳು ತಡೆಯುತ್ತವೆ. ಇ6 ಪ್ರೋಟೀನು ಪಿ53 ನಾಶವಾಗುವಂತೆ ಮಾಡುತ್ತದೆ, ಇ7 ಪ್ರೋಟೀನು ಆರ್‌ಬಿಯನ್ನು ಕೆಲಸ ಮಾಡಗೊಡುವುದಿಲ್ಲ.

ವೈರಸ್ ಇದೆಯೇ ಎಂಬುದನ್ನು ಡಿಎನ್‌ಎ ಪರೀಕ್ಷೆ ತಿಳಿಸಿದರೆ, ಅದು ಹಾನಿಗೆ ಇಳಿದಿದೆಯೇ ಎಂಬ ಸುಳಿವನ್ನು ಪ್ರೋಟೀನ್ ಪರೀಕ್ಷೆ ಕೊಡುತ್ತದೆ. ಗರ್ಭಕಂಠದ ಮಾದರಿಯನ್ನು ಸಂಸ್ಕರಿಸಿ, ಇ6 ಹಿಡಿಯುವ ಆಂಟಿಬಾಡಿಗಳಿರುವ ಪಟ್ಟಿಯ ಮೇಲೆ ಹರಿಸುತ್ತಾರೆ. ಇ6 ಇದ್ದರೆ ಬಸಿರು ಪರೀಕ್ಷೆಯ ಕಿಟ್‌ನಲ್ಲಿ ಮೂಡುವಂತೆ ಗೆರೆ ಮೂಡುತ್ತದೆ. ಇನ್ನೊಂದು ವಿಧಾನ ಪಿ16 ಪರೀಕ್ಷೆ. ಪಿ16 ವೈರಸ್‌ನದಲ್ಲ, ನಮ್ಮದೇ ಪ್ರೋಟೀನ್. ಇ7ನಿಂದ ಆರ್‌ಬಿ ಕೆಟ್ಟಾಗ ಅದು ವಿಪರೀತ ಹೆಚ್ಚುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಥ ಜೀವಕೋಶಗಳು ಎದ್ದು ಕಾಣುತ್ತವೆ.

ಇ6 ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ. ಅದು ನೆಗೆಟಿವ್ ಬಂದರೂ ಅಪಾಯವಿಲ್ಲ ಎನ್ನಲಾಗದು. ಅದನ್ನು ಹುಡುಕುತ್ತ ಕಾಲ ಕಳೆಯಬೇಡಿ. ಎಚ್‌ಪಿವಿ 16 ಪಾಸಿಟಿವ್ ಇದ್ದವರಿಗೆ ಪ್ಯಾಪ್ ನಾರ್ಮಲ್ ಇದ್ದರೂ ಕಾಲ್ಪೊಸ್ಕೊಪಿ ಬೇಕು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ, ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುತ್ತಾರೆ. ಅನುಮಾನ ಬಂದ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಕಂಡರೆ ಆ ಭಾಗವನ್ನಷ್ಟೇ ಸುಟ್ಟು ಅಥವಾ ಕತ್ತರಿಸಿ ತೆಗೆಯಬಹುದು. ಸಾಮಾನ್ಯವಾಗಿ ಇದಕ್ಕಾಗಿ ಗರ್ಭಕೋಶ ತೆಗೆಯಬೇಕಿಲ್ಲ. ಏನೂ ಕಾಣದಿದ್ದರೆ ವರ್ಷದ ಬಳಿಕ ಮತ್ತೆ ಎಚ್‌ಪಿವಿ ಪರೀಕ್ಷೆ ಮಾಡಿಸಿ.

ರೋಗನಿರೋಧಕ ಶಕ್ತಿ ಸರಿಯಿದ್ದವರಲ್ಲಿ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ಅಷ್ಟು ದೀರ್ಘ ಅವಕಾಶವಿದ್ದೂ ಹೆಣ್ಣುಮಕ್ಕಳು ಈ ಕಾಯಿಲೆಯಿಂದ ಸಾಯುವುದು ಸಂಕಟದ ವಿಷಯ. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಸಲದ ಎಚ್‌ಪಿವಿ ತಪಾಸಣೆಯಿಂದ ಈ ಕ್ಯಾನ್ಸರ್‌ನ ಸಾವುಗಳು ಸುಮಾರು ಅರ್ಧದಷ್ಟು ತಗ್ಗಿದ್ದನ್ನು ಅದು ತೋರಿಸಿತು.

ನೀವು ತಪಾಸಣೆಯ ಮೊದಲ ಹೆಜ್ಜೆ ಇಟ್ಟಾಗಿದೆ. ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಂಡು ಕಾಲ್ಪೊಸ್ಕೊಪಿಗೆ ದಿನ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಹಾಕಿಸಿ. 30 ದಾಟಿದ ಅಕ್ಕತಂಗಿಯರನ್ನೂ ತಪಾಸಣೆಗೆ ಕರೆದೊಯ್ಯಿರಿ.